ನಾಲ್ಕು ಸಾಲಿನ ಸಂಜೆ

ಪೋಲಿಷ್ ಭಾಷೆಯಲ್ಲಿ ಏಳು ವಿಭಕ್ತಿ ಅಂದ ಕೂಡಲೇ ಕ್ಲಾಸಿನಲ್ಲಿದ್ದ ಸ್ಪೇನಿನವರು, ಜಪಾನಿನವರು ಎಲ್ಲ ಮುಖಮುಖ ನೋಡಿಕೊಂಡರು. ನನಗೆ ನಗು ಬಂತು. ಪ್ರಥಮಾ, ದ್ವಿತೀಯಾ, ತೃತೀಯಾ ಅಂತ ಕುಮಟೆಯಲ್ಲಿ ಬೆಂಚಿನ ಮೇಲೆ ನಿಂತು ಒಪ್ಪಿಸಿದವಳು ನಾನು. ಸಂಬೋಧನೆಯೂ ಅಲ್ಲಿ ಒಂದು ವಿಭಕ್ತಿಯೇ. ಮರಿಯಾಳನ್ನು ಕರೆಯುವಾಗ ‘ಮರಿಯೋ’ ಆಗುತ್ತದೆ. ಇದನ್ನು ಕಲಿಸಲಿಕ್ಕೆ ಪ್ರೇಮಕವಿತೆಗಿಂತ ಒಳ್ಳೆಯ ಪಾಠ ಇಲ್ಲ ಅಂತ ನಮ್ಮ ಮೇಡಂ ಒಂದು ಸಂಜೆ ಎಲ್ಲರನ್ನೂ ಮನೆಗೆ ಕರೆದರು.

ಊರು ಪೋಲೆಂಡಿನ ಕ್ರಾಕೂವ್. 1364ರಲ್ಲಿ ಶುರುವಾದ ಯಾಗಿಯೆಲೋನಿಯನ್ ವಿಶ್ವವಿದ್ಯಾಲಯ ಇರುವ ಊರು. ನವೆಂಬರ್ ಕೊನೆಗೆ ಅಲ್ಲಿ ನಾಲ್ಕು ಗಂಟೆಗೇ ಕತ್ತಲೆ. ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ, ಅದಕ್ಕೆ ರಾಸ್ಪ್‌ಬೆರಿ ಹಣ್ಣಿನ ಪಾಕ. ನಮ್ಮ ಲೆಕ್ಕದಲ್ಲಿ ಕಷಾಯ, ಆದರೆ ಆ ಚಳಿಗೆ ಸರಿ.

ಮೊದಲು ಆದಮ್ ಮಿತ್ಸ್ಕಿಯೆವಿಚ್. ಆ ಊರಿನ ದೊಡ್ಡ ಚೌಕದಲ್ಲಿ ಅವರ ಪ್ರತಿಮೆ ಇದೆ. ಯಾರಿಗಾದರೂ ಕಾಯುವುದಾದರೆ ಎಲ್ಲರೂ ಅದರ ಕೆಳಗೇ ನಿಲ್ಲುತ್ತಾರೆ. ತಮಾಷೆ ಅಂದರೆ ಬದುಕಿದ್ದಾಗ ಕವಿ ಕ್ರಾಕೂವಿಗೆ ಬಂದವರೇ ಅಲ್ಲ. 1855ರಲ್ಲಿ ತೀರಿಕೊಂಡವರ ಅಸ್ಥಿ ಅಲ್ಲಿಗೆ ಬಂದದ್ದು 1890ರಲ್ಲಿ. ಅವರ ‘ಅನಿಶ್ಚಯ’ ಎಂಬ ಕವಿತೆಯಲ್ಲಿ ಇದು ಸ್ನೇಹವೋ, ಪ್ರೇಮವೋ ಅನ್ನುವ ಪ್ರಶ್ನೆ ಮತ್ತೆಮತ್ತೆ ಬರುತ್ತದೆ. ಮರೆಕ್ ಗ್ರೆಖೂತಾ ಹಾಡಿದ ಮೇಲಂತೂ ಅದು ಮನೆಮಾತು. ಮೇಡಂ ಗುನುಗಿದರು. ಚೆಂದ ಇತ್ತು. ಆದರೆ ಇಷ್ಟು ಹೊತ್ತು ಯೋಚಿಸುವವನಿಗೆ ಗೊತ್ತೇ ಇರುತ್ತದೆ ಅಲ್ವಾ, ಅನ್ನಿಸಿತು ನನಗೆ.

ನಾನು ಮನಸೋತದ್ದು ಮರಿಯಾ ಪಾವ್ಲಿಕೋವ್ಸ್ಕಾ-ಯಸ್ನೊಜೆವ್ಸ್ಕಾಗೆ. ಕ್ರಾಕೂವಿನದೇ ಹೆಣ್ಣುಮಗಳು, ಅಪ್ಪ, ಅಜ್ಜ ಇಬ್ಬರೂ ಹೆಸರಾಂತ ಚಿತ್ರಕಾರರು. 1926ರ ‘ಮುತ್ತುಗಳು’ ಸಂಕಲನದ ತುಂಬ ಪುಟ್ಟಪುಟ್ಟ ಕವಿತೆಗಳು, ಹೆಚ್ಚಿನವು ನಾಲ್ಕೇ ಸಾಲು. ಒಂದರಲ್ಲಿ ಹೇಳುತ್ತಾಳೆ: ನಿನ್ನನ್ನು ನೋಡಿ ತಿಂಗಳಾಯಿತು, ಏನೂ ಆಗಿಲ್ಲ. ಸ್ವಲ್ಪ ಬಿಳಿಚಿರಬಹುದು, ಸ್ವಲ್ಪ ತೂಕಡಿಕೆ, ಮಾತು ಸ್ವಲ್ಪ ಕಡಿಮೆ. ಗಾಳಿ ಇಲ್ಲದೆಯೂ ಬದುಕಬಹುದು, ನೋಡು! ಅಷ್ಟೇ. ದಿನಕರ ದೇಸಾಯರ ಚುಟುಕು ಕೇಳಿ ಬೆಳೆದ ನಮ್ಮ ಜಿಲ್ಲೆಯವರಿಗೆ ನಾಲ್ಕನೆಯ ಸಾಲಿಗೆ ಕಾಯುವುದು ಹೊಸತಲ್ಲ. ಆದರೂ ಆ ಕೊನೆಯ ಸಾಲಿಗೆ ನಾನು ಲೋಟ ಕೆಳಗಿಟ್ಟೆ.

ಬರೆಯುವ ಸರದಿ ಬಂತು. ಮೇಡಂ ಚೌಕಳಿ ಹಾಳೆ ಹಂಚಿದರು. ಮೊದಲ ಸಾಲು ಪಾವ್ಲಿಕೋವ್ಸ್ಕಾಳದು, ಉಳಿದ ಮೂರು ಇಬ್ಬಿಬ್ಬರು ಸೇರಿ. ಹುಡುಗರು ಬರೆಯುವುದಾದರೆ ‘ನೋಡಿಲ್ಲ’ ಅನ್ನುವಲ್ಲಿ ಒಂದು ಅಕ್ಷರ ಬದಲಾಯಿಸಬೇಕಿತ್ತು. ಅಲ್ಲಿ ‘ನಾನು’ ಅಂದರೂ ಭೂತಕಾಲದ ಕ್ರಿಯಾಪದ ಗಂಡೋ ಹೆಣ್ಣೋ ಹೇಳಿಬಿಡುತ್ತದೆ. ನನಗೆ ಜೋಡಿ ಉಕ್ರೇನಿನ ಹುಡುಗಿ. ನಮ್ಮಿಬ್ಬರ ಹತ್ತಿರ ಇದ್ದದ್ದು ಸಂತೆಯ, ಟ್ರಾಮಿನ, ಮಳೆಯ ಶಬ್ದಗಳು ಮಾತ್ರ. ಅದರಲ್ಲೇ ಹೊಂದಿಸಿದ್ದು ಕನ್ನಡದಲ್ಲಿ ಹೀಗಾಗುತ್ತದೆ:

ನಿನ್ನ ನೋಡದೆ ತಿಂಗಳಾಗಿದೆ.
ಟ್ರಾಮು ಹೊತ್ತಿಗೆ ಸರಿಯಾಗಿ ಬರುತ್ತಿದೆ.
ಕೊಡೆಯೊಳಗೆ ಈಗ ಜಾಗ ಜಾಸ್ತಿ ಇದೆ,
ಒಂದು ಭುಜ ಮಾತ್ರ ಇನ್ನೂ ನೆನೆಯುತ್ತಿದೆ.

ಕೊಡೆ ನನ್ನದು, ಕುಮಟೆಯವಳಲ್ವಾ. ಭುಜ ಅವಳದು. ಮೇಡಂ ಒಂದು ವಿಭಕ್ತಿ ತಿದ್ದಿ ಎರಡು ಸಲ ಗಟ್ಟಿಯಾಗಿ ಓದಿದರು.

ಕೊನೆಗೆ ಶಿಂಬೋರ್ಸ್ಕಾ, 1996ರ ನೊಬೆಲ್ ಪಡೆದವರು. ಅವರೂ ಅದೇ ಊರಿನಲ್ಲಿ ಬಾಳಿದವರು. ಸುಖವಾದ ಪ್ರೇಮ ಸಹಜವೇ, ಅದರಿಂದ ಜಗತ್ತಿಗೆ ಏನು ಉಪಯೋಗ ಅಂತ ಗಂಭೀರವಾಗಿ ಕೇಳಿ, ಅಂಥದ್ದು ಸಿಗದವರು ‘ಅದು ಇಲ್ಲವೇ ಇಲ್ಲ’ ಅಂದುಕೊಳ್ಳಲಿ, ಬದುಕಲಿಕ್ಕೆ ಸುಲಭ ಅನ್ನುತ್ತಾರೆ. ಸ್ಪೇನಿನ ಹುಡುಗ ಸಿಟ್ಟಾದ. ಜಗಳ ಅಡುಗೆಮನೆಗೆ ಹೋಯಿತು, ಲೋಟ ತೊಳೆಯುತ್ತ ಮುಂದುವರಿಯಿತು.

ಹೊರಡುವಾಗ ಮಿತ್ಸ್ಕಿಯೆವಿಚ್ ಬಗ್ಗೆ ಅನ್ನಿಸಿದ್ದನ್ನು ಮೇಡಂಗೆ ಹೇಳಿಯೇಬಿಟ್ಟೆ. “ನಲವತ್ತು ದಾಟಲಿ, ಆಮೇಲೆ ಓದು” ಅಂದರು. ದಾಟಿದೆ, ಓದಿದ್ದೇನೆ. ನನ್ನ ಓಟು ಈಗಲೂ ಪಾವ್ಲಿಕೋವ್ಸ್ಕಾಗೇ.