ಕೆಂಪು ಮೊಣಕಾಲಿನ ಜೇಡದ ನಿಜವಾದ ಹೆಸರು

ಜರ್ಮನಿಯ ನಮ್ಮ ಮನೆಯಲ್ಲಿ ನಾನು ಸಾಕಿರುವ ಮೆಕ್ಸಿಕೋ ಮೂಲದ ಕೆಂಪು ಮೊಣಕಾಲಿನ ಟರಾಂಟುಲಾವನ್ನು ಕೊಂಡಾಗ, ಡಬ್ಬಿಯ ಮೇಲೆ 'ಬ್ರ್ಯಾಕಿಪೆಲ್ಮಾ ಸ್ಮಿತಿ' ಎಂದು ಬರೆದಿತ್ತು. ಆದರೆ ಸಾಕುವವರ ಬಳಿ ಈ ಹೆಸರಿನಲ್ಲಿದ್ದ ಜೇಡಗಳಲ್ಲಿ ಹೆಚ್ಚಿನವು ವಾಸ್ತವವಾಗಿ 'ಬ್ರ್ಯಾಕಿಪೆಲ್ಮಾ ಹಮೋರಿ' ಎಂಬುದು 2017ರ ವರ್ಗೀಕರಣ ಅಧ್ಯಯನದ ನಂತರ ಸ್ಪಷ್ಟವಾಯಿತು. ಸ್ಮಿತಿಯ ನೆಲೆ ಗೆರೆರೊ ರಾಜ್ಯವಾದರೆ, ಹಮೋರಿಯದು ಕೊಲಿಮಾ, ಹಾಲಿಸ್ಕೊ ಮತ್ತು ಮಿಚೊಆಕಾನ್ ರಾಜ್ಯಗಳು.

ಇವೆರಡರ ಕಾಲುಗಳೂ ಕಪ್ಪು ಹಾಗೂ ಕಿತ್ತಳೆ ಬಣ್ಣದವೇ ಆದುದರಿಂದ, ಮೊಣಕಾಲನ್ನಷ್ಟೇ ನೋಡಿ ನಿರ್ಧರಿಸುವುದು ಸರಿಯಲ್ಲ. ಹಲ್ಲುಗಳ ಬುಡದ ದಪ್ಪನೆಯ ಭಾಗವನ್ನು ಎದುರಿನಿಂದ ನೋಡಿದರೆ ಹಮೋರಿಯಲ್ಲಿ ಕಂದುಗುಲಾಬಿ ಬಣ್ಣದ ಎರಡು ಪಟ್ಟಿಗಳಿರುತ್ತವೆ. ಸ್ಮಿತಿಯಲ್ಲಿ ಅವು ಇರುವುದಿಲ್ಲ. ನನ್ನ ಜೇಡ ಗಾಜಿಗೆ ಒರಗಿ ನಿಂತ ಒಂದು ಸಂಜೆ, ಟಾರ್ಚಿನ ಬೆಳಕಿನಲ್ಲಿ ಆ ಪಟ್ಟಿಗಳು ಸ್ಪಷ್ಟವಾಗಿ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಬಣ್ಣವನ್ನು ನಂಬುವ ಮೊದಲು ಪೊರೆಯ ಸ್ಥಿತಿಯನ್ನು ಗಮನಿಸಲೇಬೇಕು. ಪೊರೆ ಕಳಚುವ ಕಾಲ ಹತ್ತಿರವಾದಂತೆ ಕಪ್ಪು ಮಾಸಿ ಕಂದಾಗುತ್ತದೆ, ಕಿತ್ತಳೆ ಮಂಕಾಗುತ್ತದೆ. ಕಳಚಿದ ಬಳಿಕ ಅದೇ ಜೇಡ ಬೇರೊಂದು ಪ್ರಭೇದವೇನೋ ಎಂಬಷ್ಟು ಹೊಳೆಯುತ್ತದೆ. ಮರಿಗಳಲ್ಲಂತೂ ವಯಸ್ಕ ಬಣ್ಣವೇ ಇನ್ನೂ ಮೂಡಿರುವುದಿಲ್ಲ. ಹೀಗಾಗಿ ಒಂದೇ ಛಾಯಾಚಿತ್ರದಿಂದ ಹೆಸರು ಹೇಳಿರೆಂದು ಕೇಳುವವರಿಗೆ, ಕಳಚಿದ ಪೊರೆಯನ್ನು ಜೋಪಾನವಾಗಿ ತೆಗೆದಿಡಿ ಎಂದು ನಾನು ವಿನಂತಿಸುತ್ತೇನೆ. ಜೇಡ ಹೆಣ್ಣಾಗಿದ್ದರೆ ಆ ಪೊರೆಯ ಒಳಭಾಗದಲ್ಲಿ ಉಳಿಯುವ ವೀರ್ಯಕೋಶದ, ಅಂದರೆ ಗಂಡಿನಿಂದ ಪಡೆದ ವೀರ್ಯವನ್ನು ಕೂಡಿಡುವ ಚೀಲದ, ಆಕಾರವೂ ಗುರುತಿಸುವಿಕೆಗೆ ನೆರವಾಗುತ್ತದೆ.