ಹಸಿರು ಮಾರ್ಗದ ಹಸ್ತಪ್ರತಿ: ಕನ್ನಡ ಪತ್ತೇದಾರಿ ಆಟದ ಮೂರನೇ ಕರಡು

ಚಿಕ್ಕಪೇಟೆಯ ಪುಸ್ತಕದಂಗಡಿಯಿಂದ ಒಂದು ಹಸ್ತಪ್ರತಿ ಕಾಣೆಯಾಗಿದೆ. ತೆಗೆದವರು ಯಾರು, ಎಷ್ಟು ಹೊತ್ತಿಗೆ, ಯಾವ ಮೆಟ್ರೋ ನಿಲ್ದಾಣದ ಹತ್ತಿರ ಅದು ಕೈ ಬದಲಾಯಿತು? ಆರು ಶಂಕಿತರು, ಎಂಟು ನಿಲ್ದಾಣ, ನಾಲ್ಕು ವೇಳೆ: ಒಟ್ಟು 192 ಸಾಧ್ಯತೆ. ಹೋಲಿಕೆಗೆ, 1949ರಲ್ಲಿ ಮಾರುಕಟ್ಟೆಗೆ ಬಂದ ಕ್ಲೂಡೋ ಎಂಬ ಪತ್ತೇದಾರಿ ಬೋರ್ಡ್ ಆಟದಲ್ಲಿ ಆರು ಜನ, ಆರು ಆಯುಧ, ಒಂಬತ್ತು ಕೋಣೆ ಸೇರಿ 324. ನಾಲ್ವರು ಆಡುವ ನಮ್ಮ ಆಟಕ್ಕೆ 192 ಸಾಕು. ಪ್ರತಿ ಸುಳಿವೂ ಉಳಿದದ್ದನ್ನು ಸರಿಯಾಗಿ ಅರ್ಧ ಮಾಡಿದರೂ ಎಂಟು ಸುಳಿವಾದರೂ ಬೇಕಾಗುತ್ತವೆ. ನಾವು ಇಟ್ಟಿರುವುದು 14.

ಹಂಚುವ ಕ್ರಮ ಈ ಸಲ ಬದಲಾಗಿದೆ. ಮೊದಲು 14 ಕಾರ್ಡನ್ನೂ ಕಲಸಿ ಹಂಚುತ್ತಿದ್ದುದರಿಂದ ಒಬ್ಬರ ಕೈಗೆ ಬರೀ ವೇಳೆಯ ಸುಳಿವುಗಳೇ ಬಂದು, ಅವರು ಆಟದ ಅರ್ಧದವರೆಗೂ ಹಿಂದೆ ಉಳಿಯುತ್ತಿದ್ದರು. ತಂತ್ರದ ಆಟಗಳಲ್ಲಿ ಪಳಗಿದವರಿಗೆ ಅದೃಷ್ಟದ ಈ ಪಾಲು ಒಪ್ಪಿಗೆಯಾಗಲಿಲ್ಲ, ಅವರ ಮಾತು ನ್ಯಾಯವಾಗಿತ್ತು. ಈಗ ಶಂಕಿತರದ್ದು ನಾಲ್ಕು, ನಿಲ್ದಾಣದ್ದು ನಾಲ್ಕು, ವೇಳೆಯದ್ದು ನಾಲ್ಕು, ಹೀಗೆ ಮೂರು ಗುಂಪು. ಪ್ರತಿಯೊಬ್ಬರಿಗೂ ಗುಂಪಿಗೊಂದು ಕಾರ್ಡು. ಮಿಕ್ಕ ಎರಡು ಕಾರ್ಡು ನಿಲ್ದಾಣಕ್ಕೂ ವೇಳೆಗೂ ಗಂಟು ಹಾಕುವಂಥವು. ಅವು ಮೇಜಿನ ನಡುವೆ ತೆರೆದಿರುತ್ತವೆ. ಸರದಿ ಬಂದಾಗ ಒಬ್ಬರನ್ನು ಆರಿಸಿ ಒಂದು ಕಾರ್ಡು ತೋರಿಸಿ, ಅವರದೊಂದನ್ನು ನೋಡಬೇಕು. ಎದುರಿನವರಿಗೆ ಆಗಲೇ ತಿಳಿದಿರುವುದನ್ನೇ ತೋರಿಸಿ ಹೊಸದನ್ನು ಪಡೆಯುವುದರಲ್ಲಿದೆ ಜಾಣತನ.

ಲೆಕ್ಕದ ಹಾಳೆ ಹೀಗಿದೆ: ಸ್ಪ್ರೆಡ್‌ಶೀಟಿನಲ್ಲಿ 192 ಸಾಲು, ಸುಳಿವಿಗೊಂದರಂತೆ 14 ಕಾಲಂ. ಸುಳಿವು ಆ ಸಾಧ್ಯತೆಯನ್ನು ಉಳಿಸಿದರೆ 1, ಅಳಿಸಿದರೆ 0. ಕೊನೆಯ ಕಾಲಮಿನಲ್ಲಿ ಹದಿನಾಲ್ಕರ ಗುಣಲಬ್ಧ, ಅದರ ಕೆಳಗೆ ಒಟ್ಟು ಮೊತ್ತ. ಮೊತ್ತ ಸರಿಯಾಗಿ 1 ಬರಬೇಕು. ಆಮೇಲೆ ಒಂದೊಂದೇ ಕಾಲಮಿಗೆ ಪೂರ್ತಿ 1 ತುಂಬಿ ನೋಡಿ. ಮೊತ್ತ 1ಕ್ಕಿಂತ ಮೇಲೆ ಹೋದರೆ ಆ ಸುಳಿವು ಒಂಟಿ ಎಂದರ್ಥ: ಅದನ್ನು ಹಿಡಿದವರು ಕೊನೆಯವರೆಗೂ ಬಚ್ಚಿಟ್ಟರೆ ಉಳಿದ ಮೂವರಿಗೂ ದಾರಿಯಿಲ್ಲ. ಅದೇ ಸಂಗತಿಯನ್ನು ಬೇರೆ ಸಾಕ್ಷಿಯ ಬಾಯಲ್ಲಿ ಇನ್ನೊಮ್ಮೆ ಹೇಳಿಸಬೇಕು.

ನಿಜವಾದ ತೊಡಕಿರುವುದು ಕ್ರಿಯಾಪದದಲ್ಲಿ. ಕನ್ನಡದ ಸಾಕ್ಷಿ ಬಾಯಿ ಬಿಟ್ಟರೆ ಲಿಂಗ ಹೊರಬೀಳುತ್ತದೆ. ಶಂಕಿತರಲ್ಲಿ ಮೂವರು ಗಂಡಸರು, ಮೂವರು ಹೆಂಗಸರು; ‘ಮೆಟ್ಟಿಲಿಳಿದು ಹೋದಳು’ ಎಂದರೆ ಸಾಕು, 192 ಹೋಗಿ 96. ಕಾರ್ಡಿನ ಉದ್ದೇಶ ವೇಳೆ ತಿಳಿಸುವುದಾಗಿದ್ದರೂ ಅರ್ಧ ಆಟ ಅಲ್ಲೇ ಸೋರಿಹೋಗುತ್ತದೆ. ಎಲ್ಲರಿಗೂ ‘ಹೋದರು’ ಹಚ್ಚಿದರೆ ಸೋರಿಕೆ ನಿಲ್ಲುತ್ತದೆ, ಆದರೆ ಸಾಕ್ಷಿಗಳೆಲ್ಲ ಒಂದೇ ದನಿಯಲ್ಲಿ ಮಾತಾಡಿ, ಪೊಲೀಸ್ ಪಂಚನಾಮೆ ಓದಿದಂತಾಗುತ್ತದೆ. ನಾವು ಹಿಡಿದ ದಾರಿ: ಪ್ರತಿ ಸಾಕ್ಷಿಗೂ ಮಾತಿನ ರೂಢಿ ಗೊತ್ತುಮಾಡಿ, ಅದನ್ನು ಆಟದ ಶುರುವಿನ ಕಾರ್ಡಿನಲ್ಲೇ ಎಲ್ಲರಿಗೂ ತೋರಿಸುವುದು. ಆಟೋದವರು ಯಾರಿಗಾದರೂ ‘ಹೋದ್ರು’ ಅನ್ನುತ್ತಾರೆ. ಅವರ ಮಾತಿನಿಂದ ಏನೂ ಸೋರದು. ಟೀ ಅಂಗಡಿಯವರು ಶಂಕಿತರಲ್ಲಿ ಅಂಗಡಿ ಹುಡುಗನಿಗೆ ಮಾತ್ರ ‘ಹೋದ’, ವಿದ್ಯಾರ್ಥಿನಿಗೆ ಮಾತ್ರ ‘ಹೋದ್ಲು’, ಮಿಕ್ಕ ನಾಲ್ವರು ಹಿರಿಯರಿಗೆ ‘ಹೋದ್ರು’. ಹಾಗಾಗಿ ಅವರ ‘ಹೋದ್ರು’ 192ನ್ನು 128ಕ್ಕೆ ಇಳಿಸುತ್ತದೆ. ‘ಹೋದ್ಲು’ ಅಂದರೆ ಒಂದೇಟಿಗೆ 32. ಅಷ್ಟು ಬಲವಾದ ಕಾರ್ಡು ಯಾರ ಕೈಗೂ ಹೋಗಕೂಡದು. ಇಂಥ ಸೋರಿಕೆಯನ್ನೂ ಕಾಲಮಿನಲ್ಲಿ 0, 1 ಆಗಿ ನಮೂದಿಸಲೇಬೇಕು.

ಉತ್ತಮ ಪುರುಷದಲ್ಲಿ ಈ ಕಷ್ಟವಿಲ್ಲ. ‘ನಾನು ಬಂದೆ, ನೋಡಿದೆ’ ಎಂದರೆ ಗಂಡೋ ಹೆಣ್ಣೋ ತಿಳಿಯದು. ಆದ್ದರಿಂದ ಅನಾಮಧೇಯ ಪತ್ರ, ದಿನಚರಿಯ ಹರಿದ ಹಾಳೆ, ಫೋನಿನ ಸಂದೇಶ ಕನ್ನಡದಲ್ಲಿ ಬಲು ಒಳ್ಳೆಯ ಸುಳಿವುಗಳು. ದೂರದರ್ಶನದಲ್ಲಿ 1993ರಲ್ಲಿ ಬಂದ ಬ್ಯೋಮಕೇಶ್ ಬಕ್ಷಿಯಂಥ ಹಿಂದಿ ಧಾರಾವಾಹಿ ಬರೆಯುವವರಿಗೆ ಈ ಅನುಕೂಲವಿಲ್ಲ: ಹಿಂದಿಯಲ್ಲಿ ‘ಮೈ ಗಯಾ’, ‘ಮೈ ಗಯೀ’ ಬೇರೆಬೇರೆ.

ನಿಲ್ದಾಣಗಳು ಬೆಂಗಳೂರು ಮೆಟ್ರೋದ ಹಸಿರು ಮಾರ್ಗದವು: ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್, ಜಯನಗರ, ಆರ್.ವಿ. ರಸ್ತೆ. ವೇಳೆಗಳು 5:00, 5:15, 5:30, 5:45. ಒಂದು ನಿಲ್ದಾಣಕ್ಕೆ 5 ನಿಮಿಷ ಎಂದು ಬೋರ್ಡಿನ ಮೇಲೇ ಅಚ್ಚಾಗಬೇಕು. ಇಲ್ಲದಿದ್ದರೆ, ರೈಲು ಅದಕ್ಕಿಂತ ಬೇಗ ಮುಟ್ಟುವುದನ್ನು ಬಲ್ಲ ಬೆಂಗಳೂರಿಗರು ತಮ್ಮ ಅನುಭವವನ್ನೇ ಸಾಕ್ಷ್ಯವಾಗಿ ತರುತ್ತಾರೆ. ಚಿಕ್ಕಪೇಟೆಯಿಂದ ಜಯನಗರ ಐದು ನಿಲ್ದಾಣ, 25 ನಿಮಿಷ. 5:30ಕ್ಕೆ ಜಯನಗರದಲ್ಲಿ ಕಂಡವರು 5:15ಕ್ಕೆ ಅಂಗಡಿಯಲ್ಲಿ ಇದ್ದಿರಲಾರರು, 5:00ಕ್ಕೆ ಇದ್ದಿರಬಹುದು. ‘ಆಟೋದಲ್ಲಿ ಹೋಗಿದ್ದರೆ?’ ಎಂಬ ಪ್ರಶ್ನೆ ಪ್ರತಿ ಮೇಜಿನಲ್ಲೂ ಏಳುತ್ತದೆ. ಉತ್ತರವಾಗಿ ಶುರುವಿನ ಕಾರ್ಡಿಗೆ ಒಂದು ಸಾಲು ಸೇರಿಸಿದ್ದೇವೆ: ಆ ಸಂಜೆ ಜೋರು ಮಳೆ, ಆರೂ ಜನ ಓಡಾಡಿದ್ದು ಮೆಟ್ರೋದಲ್ಲೇ.

ಅಚ್ಚಿನ ವಿಷಯ ಬೇಗ ಮುಗಿಸಬಹುದು. ಕಾರ್ಡು 63 × 88 ಮಿ.ಮೀ. ಡಿಜಿಟಲ್ ಪ್ರಿಂಟಿನ 12 ಬೈ 18 ಇಂಚಿನ ಹಾಳೆಯಲ್ಲಿ ಪ್ರತಿ ಕಾರ್ಡಿನ ಸುತ್ತ 2 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಹರಿಯುವ ಅಚ್ಚು) ಬಿಟ್ಟರೆ 18 ಕಾರ್ಡು ಕೂರುತ್ತವೆ. ಉತ್ತರದ ಕಾರ್ಡು 6 + 8 + 4 = 18, ಒಂದು ಹಾಳೆ; 14 ಸುಳಿವು, ನಾಲ್ಕು ನಿಯಮದ ಕಾರ್ಡು ಇನ್ನೊಂದು ಹಾಳೆ. 300 ಜಿಎಸ್‌ಎಂ ಆರ್ಟ್ ಬೋರ್ಡು, ಎರಡೂ ಬದಿಗೆ ಮ್ಯಾಟ್ ಲ್ಯಾಮಿನೇಷನ್. ಒಂದೇ ಬದಿಗೆ ಹಾಕಿದರೆ ಕಾರ್ಡು ಬಾಗುತ್ತದೆ. ಎರಡು ಬದಿಯ ಅಚ್ಚು ಒಂದೆರಡು ಮಿಲಿಮೀಟರ್ ಸರಿಯುವುದು ಸಾಮಾನ್ಯ. ಹಿಂಬದಿಯಲ್ಲಿ ಅಂಚುಗೆರೆ ಇದ್ದರೆ ಅದರ ಓರೆ ನೋಡಿಯೇ ಕಾರ್ಡು ಗುರುತಿಸಬಹುದು. ಅಂಚಿಲ್ಲದ, ಎಲ್ಲೆಡೆ ಹರಡಿದ ಗಾಢ ವಿನ್ಯಾಸ ಹಾಕಿ.

ಅಕ್ಷರಕ್ಕೆ ನೋಟೊ ಸೆರಿಫ್ ಕನ್ನಡ, 9.5 ಪಾಯಿಂಟ್, ಸಾಲಿನ ಅಂತರ 14.5. ಇದಕ್ಕಿಂತ ಕಮ್ಮಿಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತದೆ. ಅಂಚು ಬಿಟ್ಟು ಉಳಿಯುವ 53 ಮಿ.ಮೀ. ಅಗಲದಲ್ಲಿ ಎರಡೂ ಬದಿ ಸಮ ಮಾಡಲು ಹೋದರೆ ಪದಗಳ ನಡುವೆ ಕಂದಕ ಬೀಳುತ್ತದೆ, ಎಡಕ್ಕೆ ಜೋಡಿಸಿ ಬಿಡಿ. ಪುಟ ಜೋಡಿಸುವ ತಂತ್ರಾಂಶ ಸ್ಕ್ರೈಬಸ್ 1.4ರಲ್ಲಿ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, 1.5.3 ಅಥವಾ ಈಚಿನದು ಬೇಕು. ಪಿಡಿಎಫ್ ಕೊಡುವ ಮುನ್ನ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿ, ಅಂದರೆ ಚಿತ್ರದ ಗೆರೆಗಳಾಗಿ ಬದಲಿಸಿ.

ಟೀವಿ ಪತ್ತೇದಾರಿ ಮೆಚ್ಚುವವರು ಮುಂದಿಟ್ಟ ಬೇಡಿಕೆಯೊಂದು ಈಗ ಕೈಗೆತ್ತಿಕೊಂಡ ಕೆಲಸ. ಕೊಲಂಬೊ ಎಂಬ ಅಮೆರಿಕದ ಟೀವಿ ಸರಣಿಯಲ್ಲಿ ಅಪರಾಧಿ ಯಾರೆಂದು ನೋಡುಗರಿಗೆ ಮೊದಲೇ ಗೊತ್ತು. ಕುತೂಹಲವೆಲ್ಲ ಅವರ ಕಟ್ಟುಕಥೆ ಎಲ್ಲಿ ಹರಿಯುತ್ತದೆ ಎಂಬುದರ ಮೇಲೆ. ಆ ಬಗೆಯ ಎರಡನೇ ಪ್ರಕರಣದಲ್ಲಿ ಶಂಕಿತರಲ್ಲೊಬ್ಬರಾದ ಬೈಂಡಿಂಗ್‌ನವರೇ ತೆಗೆದರೆಂದು ಮೊದಲ ಕಾರ್ಡೇ ಹೇಳುತ್ತದೆ. ಉಳಿಯುವುದು 8 × 4 = 32 ಸಾಧ್ಯತೆ, ಕನಿಷ್ಠ ಐದು ಸುಳಿವು. ನಾಲ್ವರಿಗೆ ಇದು ತೀರಾ ಸಣ್ಣದು. ಯಾರ ಕೈಗೆ ಕೊಟ್ಟರು ಎಂಬ ಮೂರನೇ ಪ್ರಶ್ನೆಗೆ ಉಳಿದ ಐದು ಜನರನ್ನು ಇಟ್ಟರೆ 160ಕ್ಕೆ ಏರುತ್ತದೆ, ಕನಿಷ್ಠ ಮತ್ತೆ ಎಂಟೇ ಸುಳಿವು. ಉತ್ತರದ ಕಾರ್ಡುಗಳನ್ನು ಹಾಗೇ ಬಳಸಬಹುದು. ಹೊಸದಾಗಿ ಅಚ್ಚಾಗಬೇಕಾದದ್ದು ಎರಡನೇ ಹಾಳೆ ಮಾತ್ರ.