ಐಸ್‌ಕ್ರೀಂ ಕಡೆಯುವ ಎಂಜಿನ್ನು

ಅಮೆರಿಕದ ಅಯೋವಾ ರಾಜ್ಯದ ಮೌಂಟ್ ಪ್ಲೆಸೆಂಟ್ ಪುಟ್ಟ ಊರು. ಸೆಪ್ಟೆಂಬರ್ ಮೊದಲ ಸೋಮವಾರ ಬರುವ ಲೇಬರ್ ಡೇ (ಕಾರ್ಮಿಕರ ದಿನ) ವಾರಾಂತ್ಯದಲ್ಲಿ ಮಾತ್ರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. 1950ರಲ್ಲಿ ಶುರುವಾದ ‘ಓಲ್ಡ್ ಥ್ರೆಷರ್ಸ್ ರೀಯೂನಿಯನ್’ ಎಂಬ ಹಳೆ ಯಂತ್ರಗಳ ಜಾತ್ರೆ ಐದು ದಿನ ನಡೆಯುತ್ತದೆ. ಶಿಕಾಗೋದಿಂದ ಕ್ಯಾಲಿಫೋರ್ನಿಯಾ ಝೆಫರ್ ರೈಲು ಹತ್ತಿದರೆ ಆ ಊರಲ್ಲೇ ಇಳಿಯಬಹುದು.

ಜನ ಮೊದಲು ಓಡುವುದು ಸ್ಟೀಮ್ ಎಂಜಿನ್ನುಗಳ ಕಡೆಗೆ. ಕೇಸ್ ಕಂಪನಿಯ ದೈತ್ಯ ಎಂಜಿನ್ನು ಉದ್ದನೆಯ ಬೆಲ್ಟಿನಿಂದ ಒಕ್ಕಣೆ ಯಂತ್ರವನ್ನು ತಿರುಗಿಸಿ, ಕಾಳು ಒಂದು ಕಡೆ, ಹುಲ್ಲು ಇನ್ನೊಂದು ಕಡೆ ಚೆಲ್ಲುವುದನ್ನು ನೋಡಲೇಬೇಕು. ಟ್ರ್ಯಾಕ್ಟರ್ ಮೆರವಣಿಗೆ ಮಾತ್ರ ನನಗೆ ಸಪ್ಪೆ. ಏನನ್ನೂ ಎಳೆಯದೆ ಬರೀ ಬಣ್ಣ ಬಳಿದುಕೊಂಡು ಸಾಗುವ ಯಂತ್ರವನ್ನು ಎಷ್ಟು ಹೊತ್ತು ನೋಡುವುದು?

ನನ್ನನ್ನು ಹಿಡಿದು ನಿಲ್ಲಿಸಿದ್ದು ಮರದ ಕೆಳಗಿನ ಒಂದು ಸಣ್ಣ ಎಂಜಿನ್ನು. ಇದೇ ರಾಜ್ಯದ ವಾಟರ್‌ಲೂನಲ್ಲಿ ತಯಾರಾದ ಅಸೋಸಿಯೇಟೆಡ್ ಕಂಪನಿಯದು, ಎರಡೂಕಾಲು ಎಚ್‌ಪಿ. ಒಮ್ಮೆ ‘ಢಬ್’ ಅನ್ನುತ್ತದೆ, ಆಮೇಲೆ ಫುಸ್, ಫುಸ್, ಫುಸ್, ಮತ್ತೆ ‘ಢಬ್’. ವೇಗ ಹೆಚ್ಚಾದರೆ, ವೇಗವನ್ನು ಹತೋಟಿಯಲ್ಲಿಡುವ ಗವರ್ನರ್ ಎಂಬ ಭಾಗ ಹೊಗೆ ಹೊರಹೋಗುವ ಎಕ್ಸಾಸ್ಟ್ ವಾಲ್ವನ್ನು ತೆರೆದೇ ಹಿಡಿಯುತ್ತದೆ. ಇಂಧನ ಒಳಗೆ ಬರುವುದಿಲ್ಲ, ಕಿಡಿಯೂ ಇಲ್ಲ; ಫ್ಲೈವೀಲು ಎಂಬ ದೊಡ್ಡ ಚಕ್ರ ತನ್ನ ಭಾರದಲ್ಲೇ ತಿರುಗುತ್ತದೆ. ವೇಗ ಇಳಿದಾಗ ಮತ್ತೊಂದು ಢಬ್. ಅದರ ಬೆಲ್ಟಿಗೆ ಐಸ್‌ಕ್ರೀಂ ಕಡೆಯುವ ಮರದ ಬಕೆಟ್ಟು ಕಟ್ಟಿದ್ದರು. ಹಾಲು ಗಟ್ಟಿಯಾಗುತ್ತ ಬಂದಂತೆ ಢಬ್‌ಗಳು ಹತ್ತಿರ ಹತ್ತಿರವಾದವು. ಮುಚ್ಚಳ ತೆಗೆಯದೆಯೇ ಐಸ್‌ಕ್ರೀಂ ಆಯಿತೋ ಇಲ್ಲವೋ ಕಿವಿಯಲ್ಲೇ ತಿಳಿಯುತ್ತದೆ!

ಎಂಜಿನ್ನಿನ ಯಜಮಾನರು ವಯಸ್ಸಾದ ರೈತ. “ನಿಮ್ಮಲ್ಲೂ ಇಂಥವು ಇದ್ದವಾ?” ಎಂದರು. ನಮ್ಮ ಮಂಡ್ಯ ಸೀಮೆಯ ಬಾವಿ ಪಂಪು, ಹಿಟ್ಟಿನ ಗಿರಣಿ, ಆಲೆಮನೆ ಎಲ್ಲೆಲ್ಲೂ ಡೀಸೆಲ್ ಎಂಜಿನ್ನು ಬಡಿದುಕೊಳ್ಳುತ್ತಿದ್ದುದನ್ನು ಹೇಳಿದೆ. ಎಂಜಿನ್ನಿನೊಳಗಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ, ಹ್ಯಾಂಡಲ್ ಬೀಸಿ, ವೇಗ ಬಂದಾಗ ಲಿವರ್ ಬಿಡುವುದನ್ನು ಕೈಯಲ್ಲೇ ಮಾಡಿ ತೋರಿಸಿದೆ. ಅವರು ತಟ್ಟನೆ ನನ್ನ ಮುಷ್ಟಿ ಹಿಡಿದು ಹೆಬ್ಬೆರಳನ್ನು ಬೇರೆ ಬೆರಳುಗಳ ಪಕ್ಕಕ್ಕೇ ಸರಿಸಿದರು. ಎಂಜಿನ್ನು ಹಿಂದಕ್ಕೆ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ. ನಮ್ಮಪ್ಪ ಬಾವಿಯ ಹತ್ತಿರ ಇದೇ ರೀತಿ ನನ್ನ ಬೆರಳು ಸರಿಸುತ್ತಿದ್ದರು. ನನಗೆ ಮಾತೇ ಹೊರಡಲಿಲ್ಲ.

“ಆ ಎಂಜಿನ್ನು ಈಗೆಲ್ಲಿ?”

“ಕರೆಂಟ್ ಮೋಟಾರು ಬಂತು, ಗುಜರಿಗೆ ಹೋಯಿತು.”

“ನಮ್ಮವೂ ಎಷ್ಟೋ ಯುದ್ಧದ ಕಾಲದ ಗುಜರಿ ಸಂಗ್ರಹದಲ್ಲಿ ಕರಗಿಹೋದವು” ಎಂದರು. ಗಾಜಿನೊಳಗೆ ಇಡದೆ ಇಲ್ಲಿವರೆಗೆ ಯಾಕೆ ಹೊತ್ತು ತರುತ್ತೀರಿ ಎಂದು ಕೇಳಿದೆ. “ಕೆಲಸ ಕೊಟ್ಟಾಗಲೇ ಇದರ ಸ್ವರ ಗೊತ್ತಾಗೋದು.” ಕೇಳಿದ ಮಕ್ಕಳಿಗೆಲ್ಲ ಎಣ್ಣೆ ಬಟ್ಟಲು ತುಂಬಿಸಲು ಬಿಡುತ್ತಾರಂತೆ.

ಸಂಜೆಯ ಸಂಗೀತ ಕಛೇರಿಗೆ ಹೋಗಲಿಲ್ಲ. ವಸತಿ ಹುಡುಕುವುದರಲ್ಲೇ ರಾತ್ರಿಯಾಯಿತು. ತಿಂಗಳುಗಳ ಹಿಂದೆ ಕಾಯ್ದಿರಿಸಿದ್ದ ಕೋಣೆಯನ್ನು ಅಲ್ಲಿಯವರು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಹೋಗುವವರು ಹೊರಡುವ ಹಿಂದಿನ ದಿನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ, ಮಾತು ಕೊಟ್ಟವರ ಹೆಸರು ಬರೆದಿಟ್ಟುಕೊಳ್ಳಿ. ಸ್ಟೀಮ್ ಸೀಟಿಗಳ ಹತ್ತಿರ ನಿಲ್ಲುವವರಿಗೆ ಕಿವಿಗೆ ಹತ್ತಿಯೂ ಬೇಕು.

ಮಂಡ್ಯ, ಮದ್ದೂರು ಕಡೆ ಯಾರ ಹಿತ್ತಲಲ್ಲಾದರೂ ಹಳೆ ಎಂಜಿನ್ನು ಬಿದ್ದಿದ್ದರೆ, ಗುಜರಿಗೆ ಹಾಕುವ ಮುಂಚೆ ನನಗೊಂದು ಮಾತು ತಿಳಿಸಿ. ಕಬ್ಬಿನ ಗಾಣಕ್ಕೆ ಬೆಲ್ಟು ಹಾಕಿ ನಮ್ಮೂರ ಜಾತ್ರೆಯಲ್ಲಿ ಓಡಿಸಬೇಕೆಂದಿದ್ದೇನೆ.